ರಾಜಮಾರ್ಗವಿಲ್ಲದ ವಿದ್ಯೆ

ಕಾವ್ಯವನ್ನು ಕಲಿಯಬೇಕೆನ್ನುವವನಿಗೆ ನಮ್ಮ ಭಾಷೆಯಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಒಂದು ಮಾರ್ಗ ಸಿದ್ಧವಾಗಿತ್ತು. ಆ ಗ್ರಂಥದ ಹೆಸರೇ ‘ಕವಿರಾಜಮಾರ್ಗ’. ಸಂಗೀತಕ್ಕೆ ಗುರುಕುಲವಿತ್ತು, ಶಿಲ್ಪಕ್ಕೆ ಮನೆತನವಿತ್ತು, ವ್ಯಾಕರಣಕ್ಕೆ ಸೂತ್ರವೂ ಭಾಷ್ಯವೂ ಇದ್ದುವು. ಚಲಚ್ಚಿತ್ರಕ್ಕೆ ಇವೊಂದೂ ಇರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಲ್ಯೂಮಿಯೇರ್ ಸಹೋದರರು ಹಣ ಪಡೆದು ಹತ್ತು ಪುಟ್ಟ ಚಿತ್ರಗಳನ್ನು ತೋರಿಸಿದಾಗ, ಈ ಬೆಳಕಿನಾಟಕ್ಕೆ ಮುಂದೊಂದು ದಿನ ಶಾಸ್ತ್ರ ಬೇಕಾದೀತೆಂದು ಅಲ್ಲಿ ಕುಳಿತಿದ್ದ ಯಾರಿಗೂ ಹೊಳೆದಿರಲಾರದು. ಆದರೂ ಅಲ್ಲಿಂದ ಅರವತ್ತು ವರ್ಷಗಳೊಳಗೆ ಸಿನಿಮಾಕ್ಕೆ ತನ್ನದೇ ಆದ ಮೀಮಾಂಸೆ, ತನ್ನದೇ ಆದ ಇತಿಹಾಸ, ತನ್ನ ಭಂಡಾರಗಳು, ತನ್ನ ಶಾಲೆಗಳು ಹುಟ್ಟಿಕೊಂಡುವು. ಇವನ್ನು ಕಟ್ಟಿದವರು ಎಲ್ಲಿಂದ ಬಂದರು?

ಈ ಪ್ರಶ್ನೆಯನ್ನು ಹಿಡಿದುಕೊಂಡು ಹಳೆಯ ಪುಸ್ತಕಗಳನ್ನು ತಿರುವುತ್ತ ಹೋದ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಚಲಚ್ಚಿತ್ರವನ್ನು ನೋಡುವುದು ಹೇಗೆಂದು ಜಗತ್ತಿಗೆ ಕಲಿಸಿದವರಲ್ಲಿ ಬಹುಮಂದಿ ಆ ಕೆಲಸಕ್ಕಾಗಿ ಸಿದ್ಧರಾದವರಲ್ಲ. ಒಬ್ಬರು ಕವಿ, ಒಬ್ಬರು ಕಟ್ಟಡಗಳ ನಕ್ಷೆ ಬರೆಯುತ್ತಿದ್ದವರು, ಒಬ್ಬರು ಪ್ರಾಚೀನ ಗ್ರೀಕರ ಮಣ್ಣಿನ ಪಾತ್ರೆಗಳನ್ನು ಅಭ್ಯಾಸ ಮಾಡಿದವರು, ಮತ್ತೊಬ್ಬರು ಶಾಲಾಮಾಸ್ತರರಾಗಲು ಹೊರಟು ಆಗದೆ ಹೋದವರು. ರಾಜಕೀಯವೋ ದೇಹದ ದೌರ್ಬಲ್ಯವೋ ಇವರನ್ನು ಹಿಡಿದ ದಾರಿಯಿಂದ ಹೊರಕ್ಕೆ ನೂಕಿತು. ಹಾಗೆ ನೂಕಿಸಿಕೊಂಡು ಬಂದವರು ಬರಿಗೈಯಲ್ಲಿ ಬರಲಿಲ್ಲ. ಬಿಟ್ಟುಬಂದ ವಿದ್ಯೆಯ ಕಣ್ಣನ್ನು ಜೊತೆಯಲ್ಲಿ ತಂದರು. ಅಂಥ ಕೆಲವರ ಬಾಳನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲನೆಯವರು ಬೇಲಾ ಬಲಾಜ್. 1884ರಲ್ಲಿ ಹಂಗೆರಿಯಲ್ಲಿ ಹುಟ್ಟಿದ ಇವರು ಕವಿ, ನಾಟಕಕಾರ. ಪ್ರಸಿದ್ಧ ಸಂಗೀತಕಾರ ಬಾರ್ಟೋಕ್ ರಚಿಸಿದ ‘ನೀಲಗಡ್ಡದವನ ಕೋಟೆ’ ಎಂಬ ಗೀತನಾಟಕಕ್ಕೆ ಸಾಹಿತ್ಯ ಒದಗಿಸಿದವರು ಇವರೇ. 1919ರಲ್ಲಿ ಹಂಗೆರಿಯಲ್ಲಿ ಕೆಲವೇ ತಿಂಗಳ ಕಾಲ ನಡೆದ ಕ್ರಾಂತಿ ಸರ್ಕಾರದೊಂದಿಗೆ ಸೇರಿಕೊಂಡರು. ಅದು ಬಿದ್ದುಹೋದಾಗ ತಲೆ ಉಳಿಸಿಕೊಳ್ಳಲು ವಿಯೆನ್ನಾಕ್ಕೆ ಓಡಬೇಕಾಯಿತು. ಸ್ವದೇಶದಲ್ಲಿ ಹೆಸರಾಂತ ಕವಿ, ಪರದೇಶದಲ್ಲಿ ಯಾರೂ ಅಲ್ಲ. ಹಂಗೇರಿಯನ್ ಭಾಷೆಯ ಕವಿತೆಯನ್ನು ವಿಯೆನ್ನಾದಲ್ಲಿ ಯಾರು ಕೊಳ್ಳಬೇಕು? ಹೊಟ್ಟೆಪಾಡಿಗಾಗಿ ಒಂದು ಜರ್ಮನ್ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯತೊಡಗಿದರು. 1924ರಲ್ಲಿ ಆ ಬರಹಗಳ ನಡುವಿನಿಂದ ಒಂದು ಪುಸ್ತಕ ಮೂಡಿತು. ಅದರ ಹೆಸರನ್ನು ‘ಕಾಣುವ ಮನುಷ್ಯ’ ಎಂದು ಕನ್ನಡಿಸಬಹುದು.

ಅಚ್ಚಿನ ಯಂತ್ರ ಬಂದ ಮೇಲೆ ಮನುಷ್ಯ ಮುಖವನ್ನು ಓದುವುದನ್ನು ಮರೆತ, ಅಕ್ಷರವನ್ನಷ್ಟೇ ಓದತೊಡಗಿದ; ಸಿನಿಮಾ ಅವನ ಮುಖವನ್ನು ಅವನಿಗೆ ಮರಳಿ ಕೊಡುತ್ತಿದೆ. ಇದು ಆ ಪುಸ್ತಕದ ಮುಖ್ಯ ವಿಚಾರ. ಅಂದಿನ ಸಿನಿಮಾ ಮೂಕಚಿತ್ರವೆಂಬುದನ್ನು ನೆನಪಿಡಬೇಕು. ತನ್ನ ಭಾಷೆಯನ್ನು ಗಡಿಯಾಚೆ ಬಿಟ್ಟುಬಂದ ಕವಿಯೊಬ್ಬರಿಗೆ ಮಾತಿಲ್ಲದ ಕಲೆಯೊಂದರಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಕಂಡಿತು. ಕ್ಲೋಸ್‌ಅಪ್ಪಿನಲ್ಲಿ ಒಂದು ಹುಬ್ಬಿನ ಚಲನೆ ಏನೆಲ್ಲ ಹೇಳಬಲ್ಲುದೆಂದು ಅವರಷ್ಟು ಸೂಕ್ಷ್ಮವಾಗಿ ಅವರಿಗಿಂತ ಮೊದಲು ಬರೆದವರು ವಿರಳ.

ಮುಂದೆ ಬಲಾಜ್ ಬರ್ಲಿನ್ನಿಗೆ ಹೋದರು. ಅಲ್ಲಿ ಲೆನಿ ರೀಫೆನ್‌ಸ್ಟಾಲ್ ಅವರ ‘ನೀಲ ಬೆಳಕು’ ಎಂಬ 1932ರ ಚಿತ್ರಕ್ಕೆ ಚಿತ್ರಕಥೆ ಬರೆದುಕೊಟ್ಟರು. ಹಿಟ್ಲರನ ಆಳ್ವಿಕೆ ಬಂದ ಮೇಲೆ ಅದೇ ಚಿತ್ರ ಮತ್ತೆ ತೆರೆಕಂಡಾಗ ಯಹೂದಿಯಾದ ಅವರ ಹೆಸರನ್ನು ಅದರಿಂದ ಅಳಿಸಲಾಯಿತು. ಅಷ್ಟರಲ್ಲಿ ಅವರು ಮಾಸ್ಕೋ ಸೇರಿ ಅಲ್ಲಿನ ಚಲಚ್ಚಿತ್ರ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. 26 ವರ್ಷಗಳ ವನವಾಸದ ಬಳಿಕ 1945ರಲ್ಲಿ ಹಂಗೆರಿಗೆ ಮರಳಿದರು. ಯುದ್ಧದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಕುರಿತ ‘ಯೂರೋಪಿನಲ್ಲೆಲ್ಲೋ’ ಎಂಬ ಚಿತ್ರಕ್ಕೆ ಕಥೆ ಬರೆದು, 1949ರಲ್ಲಿ ತೀರಿಕೊಂಡರು.

ಇನ್ನಿಬ್ಬರನ್ನು ಜೊತೆಯಲ್ಲಿಯೇ ಹೇಳಬೇಕು. ಸೀಗ್‌ಫ್ರೀಡ್ ಕ್ರಾಕೌವರ್ ವಾಸ್ತುಶಿಲ್ಪದಲ್ಲಿ ಡಾಕ್ಟರೇಟ್ ಪಡೆದು ಕೆಲವು ವರ್ಷ ಆ ವೃತ್ತಿಯನ್ನೇ ಮಾಡಿದವರು. ಅದರಲ್ಲಿ ಮನಸ್ಸು ನಿಲ್ಲದೆ 1921ರಲ್ಲಿ ಫ್ರಾಂಕ್‌ಫರ್ಟಿನ ಒಂದು ಹೆಸರಾಂತ ದಿನಪತ್ರಿಕೆಯನ್ನು ಸೇರಿದರು. ನಗರದ ಗುಮಾಸ್ತರು, ಹೋಟೆಲುಗಳ ಮೊಗಸಾಲೆಗಳು, ಸಿನಿಮಾ ಮಂದಿರಗಳು ಅವರ ಬರಹದ ವಸ್ತುಗಳು. ಲೋಟೆ ಐಸ್ನರ್ 1896ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಪ್ರಾಚೀನ ಗ್ರೀಕ್ ಕಲಶಗಳ ಮೇಲಿನ ಚಿತ್ರಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. 1927ರಲ್ಲಿ ಒಂದು ಸಿನಿಮಾ ದಿನಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ಇಬ್ಬರೂ ಯಹೂದಿಗಳು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದೊಡನೆ ಇಬ್ಬರೂ ಪ್ಯಾರಿಸಿಗೆ ಓಡಿದರು.

ಮುಂದೆ ಇಬ್ಬರೂ ಒಂದೇ ಕಾಲದ ಜರ್ಮನ್ ಚಿತ್ರಗಳನ್ನು ಕುರಿತು ಒಂದೊಂದು ಗ್ರಂಥ ಬರೆದರು. ಕ್ರಾಕೌವರರ ‘ಕ್ಯಾಲಿಗರಿಯಿಂದ ಹಿಟ್ಲರನವರೆಗೆ’ 1947ರಲ್ಲಿ ಬಂದಿತು, ಐಸ್ನರ್ ಅವರ ‘ದೆವ್ವ ಹೊಕ್ಕ ತೆರೆ’ 1952ರಲ್ಲಿ. 1920ರಲ್ಲಿ ಬಂದ ‘ಡಾಕ್ಟರ್ ಕ್ಯಾಲಿಗರಿ’ ಎಂಬ ಮೂಕಚಿತ್ರದಲ್ಲಿ ಮನೆಗಳು ಓರೆ, ಕಿಟಕಿಗಳು ಸೊಟ್ಟ, ನೆರಳುಗಳನ್ನು ಗೋಡೆಯ ಮೇಲೆ ಬಣ್ಣದಿಂದಲೇ ಬರೆದಿದ್ದರು. ಕ್ರಾಕೌವರರಿಗೆ ಅಲ್ಲಿ ಕಂಡದ್ದು ಒಂದು ಇಡೀ ಜನಾಂಗದ ಒಳಮನಸ್ಸಿನ ನಕ್ಷೆ: ನಿರಂಕುಶನ ಮುಂದೆ ಬಾಗುವುದಕ್ಕೆ ಆ ಜನ ಮೊದಲೇ ಹೇಗೆ ಸಿದ್ಧವಾಗುತ್ತಿದ್ದರೆಂಬುದರ ಸುಳಿವು. ಕಟ್ಟಡ ಬಿರುಕುಬಿಟ್ಟಲ್ಲಿ ತಳಪಾಯವನ್ನು ಪರೀಕ್ಷಿಸುವವನ ದೃಷ್ಟಿ ಅದು. ಐಸ್ನರ್ ಅವರಾದರೋ ಅದೇ ಚಿತ್ರದಲ್ಲಿ ಜರ್ಮನ್ ರಮ್ಯಕವಿಗಳ ಕತ್ತಲ ಮೋಹವನ್ನೂ, ಮ್ಯಾಕ್ಸ್ ರೈನ್‌ಹಾರ್ಟರ ರಂಗಭೂಮಿಯ ಬೆಳಕಿನ ವಿನ್ಯಾಸವನ್ನೂ ಗುರುತಿಸಿದರು. ಒಂದು ಕಲಶದ ಮೇಲಿನ ಗೆರೆಯನ್ನು ನೋಡಿ ಅದು ಯಾವ ಕಾಲದ್ದು, ಯಾವ ಕುಶಲಿಯ ಕೈಯದು ಎಂದು ಹೇಳಬಲ್ಲವರ ಕಣ್ಣು ಅದು. ಇವೆರಡರಲ್ಲಿ ಯಾವುದು ಸರಿಯೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ, ಎರಡನ್ನೂ ಓದಿದ ಮೇಲೆ ಆ ಚಿತ್ರವನ್ನು ಮೊದಲಿನಂತೆ ನೋಡಲು ಸಾಧ್ಯವಾಗಲಿಲ್ಲ.

ಆದರೆ ಈ ಗ್ರಂಥಗಳು ಬರೆಯಲ್ಪಡುವುದಕ್ಕೆ ಮುನ್ನ ನಡುವೆ 1940ನೆಯ ಇಸವಿ ಬಂದಿತು. ಜರ್ಮನ್ ಸೇನೆ ಫ್ರಾನ್ಸನ್ನು ಹೊಕ್ಕಿತು. ಕ್ರಾಕೌವರ್ ದಂಪತಿಗಳು ಮಾರ್ಸೇಲ್ಸ್ ಬಂದರಿನಲ್ಲಿ ರಹದಾರಿಗಾಗಿ ತಿಂಗಳುಗಟ್ಟಲೆ ಕಾದರು. ಅಲ್ಲಿಯೇ ಅವರ ಗೆಳೆಯ ವಾಲ್ಟರ್ ಬೆಂಜಮಿನ್ ಕೂಡ ಇದ್ದರು. ಯಂತ್ರಯುಗದಲ್ಲಿ ಕಲಾಕೃತಿಯ ಗತಿಯೇನೆಂದು ಸಿನಿಮಾವನ್ನು ಮುಂದಿಟ್ಟುಕೊಂಡು ಚಿಂತಿಸಿದ ಮೇಧಾವಿ ಅವರು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೆಂಜಮಿನ್ ಪಿರನೀಸ್ ಬೆಟ್ಟ ದಾಟಿ ಸ್ಪೇನಿನ ಗಡಿಯೂರು ಪೋರ್ಟ್‌ಬೌ ತಲಪಿದರು. ಮುಂದಕ್ಕೆ ಬಿಡುವುದಿಲ್ಲವೆಂದು ತಿಳಿದಾಗ ಅಲ್ಲಿಯೇ ಪ್ರಾಣಬಿಟ್ಟರು. ಕ್ರಾಕೌವರ್ 1941ರಲ್ಲಿ ನ್ಯೂಯಾರ್ಕ್ ಮುಟ್ಟಿದರು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಅಲ್ಲಿನ ಆಧುನಿಕ ಕಲಾ ಸಂಗ್ರಹಾಲಯದ ಚಿತ್ರಭಂಡಾರದಲ್ಲಿ ಕುಳಿತು, ಹೊಸದಾಗಿ ಒಲಿಸಿಕೊಂಡ ಇಂಗ್ಲಿಷಿನಲ್ಲಿ ತಮ್ಮ ಗ್ರಂಥವನ್ನು ಬರೆದರು.

ಐಸ್ನರ್ ಅವರ ಪಾಡು ಬೇರೆ. ಜರ್ಮನರಿಂದ ತಪ್ಪಿಸಿಕೊಂಡು ಬಂದ ಆಕೆಯನ್ನು ಜರ್ಮನ್ ಪ್ರಜೆಯೆಂಬ ಕಾರಣದಿಂದಲೇ ಫ್ರೆಂಚ್ ಸರ್ಕಾರ ಗ್ಯೂರ್ಸ್ ಎಂಬಲ್ಲಿನ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲಿಂದ ತಪ್ಪಿಸಿಕೊಂಡು, ಲೂಯೀಸ್ ಎಸ್ಕೋಫಿಯೇ ಎಂಬ ಸುಳ್ಳು ಹೆಸರಿನಲ್ಲಿ ತಲೆಮರೆಸಿಕೊಂಡರು. ಆಗ ಆಕೆಗೆ ಕೆಲಸ ಕೊಟ್ಟವರು ಹೆನ್ರಿ ಲಾಂಗ್ಲ್ವಾ.

ಲಾಂಗ್ಲ್ವಾ ಕೂಡ ವಿಚಿತ್ರ ದಾರಿಯಿಂದ ಬಂದವರೇ. 1914ರಲ್ಲಿ ತುರ್ಕಿಯ ಸ್ಮಿರ್ನಾದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಬೆಳೆದು, ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ನಪಾಸಾದ ಹುಡುಗ. ವಾಕ್ಚಿತ್ರ ಬಂದೊಡನೆ ಮೂಕಚಿತ್ರಗಳಿಗೆ ಬೆಲೆ ಹೋಗಿ, ಅವುಗಳ ಸುರುಳಿಗಳನ್ನು ಕರಗಿಸಿ ಬೆಳ್ಳಿ ತೆಗೆಯುತ್ತಿದ್ದ ಕಾಲ ಅದು. ಹಾಗೆ ನಾಶವಾಗಲಿದ್ದ ಚಿತ್ರಗಳನ್ನು ಆತ ಕೊಂಡು, ಬೇಡಿ, ಗೋಗರೆದು ಕೂಡಿಸತೊಡಗಿದರು. ಮನೆಯ ಸ್ನಾನದ ತೊಟ್ಟಿಯಲ್ಲಿಯೂ ರೀಲುಗಳನ್ನು ಇಡುತ್ತಿದ್ದರೆಂದು ಹೇಳುತ್ತಾರೆ. 1936ರಲ್ಲಿ ಗೆಳೆಯರೊಡನೆ ‘ಸಿನೆಮಾತೆಕ್ ಫ್ರಾಂಸೇಸ್’ ಎಂಬ ಚಿತ್ರಭಂಡಾರವನ್ನು ಸ್ಥಾಪಿಸಿದರು. ಯುದ್ಧಕಾಲದಲ್ಲಿ ಚಿತ್ರಗಳನ್ನು ಅಲ್ಲಲ್ಲಿ ಬಚ್ಚಿಟ್ಟರು. ಅಂಥ ಒಂದು ಬಚ್ಚಿಟ್ಟ ಸಂಗ್ರಹ ದಕ್ಷಿಣ ಫ್ರಾನ್ಸಿನ ಫಿಜಾಕ್ ಊರಿನ ಹತ್ತಿರದ ಹಳೆಯ ಕೋಟೆಮನೆಯೊಂದರಲ್ಲಿತ್ತು. ಸ್ವಂತ ಹೆಸರನ್ನು ಹೇಳಿಕೊಳ್ಳಲಾಗದ ಐಸ್ನರ್ ಅಲ್ಲಿ ಆ ಡಬ್ಬಿಗಳನ್ನು ತೆರೆದು, ಯಾವುದು ಯಾರ ಚಿತ್ರವೆಂದು ಗುರುತಿಸಿ, ಪಟ್ಟಿ ಮಾಡಿದರು. ಹೆಸರು ಕಳೆದುಕೊಂಡವರು ಹೆಸರು ಕಳೆದುಹೋದ ಚಿತ್ರಗಳಿಗೆ ಹೆಸರಿಡುತ್ತಿದ್ದರು. ಯುದ್ಧಾನಂತರ ಸುಮಾರು ಮೂವತ್ತು ವರ್ಷ ಆಕೆ ಆ ಭಂಡಾರದ ಮುಖ್ಯ ಪಾಲಕರಾಗಿದ್ದರು.

ಇದರ ಫಲವನ್ನು ಅರಿಯಬೇಕಾದರೆ 1974ಕ್ಕೆ ಬರಬೇಕು. ಆ ನವೆಂಬರಿನಲ್ಲಿ ಐಸ್ನರ್ ಪ್ಯಾರಿಸಿನಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಸುದ್ದಿ ತಿಳಿದ ಜರ್ಮನಿಯ ತರುಣ ನಿರ್ದೇಶಕ ವೆರ್ನರ್ ಹೆರ್ಜೋಗ್, ತಾನು ಕಾಲ್ನಡಿಗೆಯಲ್ಲಿ ಹೋದರೆ ಆಕೆ ಬದುಕುತ್ತಾರೆಂದು ನಿಶ್ಚಯಿಸಿ, ಮ್ಯೂನಿಕ್ ನಗರದಿಂದ ಪ್ಯಾರಿಸಿಗೆ ಮೂರು ವಾರ ಹಿಮದಲ್ಲಿ ನಡೆದರು. ಹರಕೆ ಹೊತ್ತು ಬೆಟ್ಟಕ್ಕೆ ನಡೆದುಹೋಗುವವರನ್ನು ಬಲ್ಲ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು. ಹಿಟ್ಲರನ ಕಾಲದಲ್ಲಿ ಜರ್ಮನ್ ಚಿತ್ರಪರಂಪರೆಯ ಎಳೆ ಕಡಿದುಹೋಗಿತ್ತು. ಯುದ್ಧದ ಹೊತ್ತಿನಲ್ಲಿ ಹುಟ್ಟಿದ ಹೆರ್ಜೋಗರಂಥವರಿಗೆ ತಂದೆಯ ತಲೆಮಾರಿನಲ್ಲಿ ಗುರುಗಳಿರಲಿಲ್ಲ. ತಾತಂದಿರ ಕಾಲದ ಕಲೆಯನ್ನು ಕಾಪಾಡಿ ಕೈಗಿತ್ತವರು ದೇಶದಿಂದ ಓಡಿಸಲ್ಪಟ್ಟ ಈ ಮಹಿಳೆ. ಐಸ್ನರ್ ಅಂದು ಚೇತರಿಸಿಕೊಂಡರು, 1983ರವರೆಗೆ ಬದುಕಿದರು.

ಆಂದ್ರೇ ಬಜಾಂ ಅವರನ್ನು ದಾರಿಯಿಂದ ನೂಕಿದ್ದು ರಾಜಕೀಯವಲ್ಲ, ತೊದಲು. 1918ರಲ್ಲಿ ಹುಟ್ಟಿದ ಈ ಫ್ರೆಂಚ್ ತರುಣ ಅಧ್ಯಾಪಕನಾಗಲು ಬಹು ಶ್ರದ್ಧೆಯಿಂದ ಓದಿದರು. 1941ರಲ್ಲಿ ಅಂತಿಮ ಪರೀಕ್ಷೆಯ ಮೌಖಿಕ ಭಾಗದಲ್ಲಿ ಮಾತು ತಡವರಿಸಿತು. ಅಧ್ಯಾಪಕ ವೃತ್ತಿಯ ಬಾಗಿಲು ಮುಚ್ಚಿತು. ಆ ಬಳಿಕ ಅವರು ಕಾರ್ಖಾನೆಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ, ವಿದ್ಯಾರ್ಥಿಗಳ ಚಿತ್ರಕೂಟಗಳಲ್ಲಿ ಸಿನಿಮಾ ತೋರಿಸಿ ಚರ್ಚೆ ನಡೆಸುತ್ತ ಊರೂರು ಸುತ್ತಿದರು. ತರಗತಿಯೊಂದರಲ್ಲಿ ಮಾತನಾಡಲು ಅನರ್ಹನೆನಿಸಿದವರು ಒಂದು ದೇಶದ ಪ್ರೇಕ್ಷಕವರ್ಗಕ್ಕೇ ಅಧ್ಯಾಪಕರಾದರು. 1951ರಲ್ಲಿ ಗೆಳೆಯರೊಡಗೂಡಿ ‘ಕಯೇ ದ್ಯು ಸಿನೆಮಾ’ ಎಂಬ ಪತ್ರಿಕೆಯನ್ನು ಹುಟ್ಟುಹಾಕಿದರು. ಮುಂದೆ ಜಗತ್ಪ್ರಸಿದ್ಧರಾದ ಗೊದಾರ್, ರೋಮೇರ್, ತ್ರೂಫೊ ಮೊದಲಾದವರು ಕ್ಯಾಮರಾ ಹಿಡಿಯುವ ಮುನ್ನ ಲೇಖನಿ ಹಿಡಿದದ್ದು ಅದರಲ್ಲಿಯೇ.

ತ್ರೂಫೊ ಅವರ ಕಥೆಯಂತೂ ಎದೆ ಕಲಕುವಂಥದು. ಶಾಲೆ ಬಿಟ್ಟ, ಮನೆಯಿಂದ ಓಡಿದ, ಸಾಲ ಮಾಡಿ ಚಿತ್ರಕೂಟ ನಡೆಸಲು ಹೋಗಿ ಬಾಲಾಪರಾಧಿಗಳ ಬಂದೀಖಾನೆ ಕಂಡ ಹುಡುಗ. ಅಲ್ಲಿಂದ ಬಿಡಿಸಿದವರು ಬಜಾಂ. ಮುಂದೆ ಸೈನ್ಯದಿಂದ ಓಡಿಬಂದು ಮತ್ತೆ ಸೆರೆಯಾದಾಗ ಕೈಹಿಡಿದವರೂ ಅವರೇ. ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು, ಬರೆಯುವುದಕ್ಕೆ ಹಚ್ಚಿದರು. 1958ರ ನವೆಂಬರ್ 10ರಂದು ತ್ರೂಫೊ ತಮ್ಮ ಮೊದಲ ಕಥಾಚಿತ್ರದ ಚಿತ್ರೀಕರಣ ಆರಂಭಿಸಿದರು. ಮರುದಿನವೇ ಬಜಾಂ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ನಲವತ್ತು. ಆ ಚಿತ್ರ, ‘ನಾನೂರು ಪೆಟ್ಟುಗಳು’, ಅವರ ಸ್ಮರಣೆಗೆ ಅರ್ಪಿತವಾಗಿದೆ.

ಕೊನೆಯದಾಗಿ, ಅಮೆರಿಕದ ಜೇ ಲೇಡಾ. 1910ರಲ್ಲಿ ಹುಟ್ಟಿದ ಇವರು ನ್ಯೂಯಾರ್ಕಿನ ಒಂದು ಬಡಾವಣೆಯ ಮುಂಜಾವನ್ನು ಕುರಿತು 1931ರಲ್ಲಿ ಒಂದು ಕಿರುಚಿತ್ರ ಮಾಡಿ, 1933ರಲ್ಲಿ ಮಾಸ್ಕೋಗೆ ಹೋದರು. ಅಲ್ಲಿನ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್. ಅವರೂ ಮೂಲತಃ ಎಂಜಿನಿಯರಿಂಗ್ ವಿದ್ಯಾರ್ಥಿ. ಚಿತ್ರ ಮಾಡಲು ಅಧಿಕಾರಿಗಳು ಅವಕಾಶ ಕೊಡದ ವರ್ಷಗಳಲ್ಲಿ ಅವರು ಮೇಷ್ಟರಾಗಿದ್ದರು. ಅವರು ಬಹು ಆಸೆಯಿಂದ ಕೈಗೊಂಡ ‘ಬೆಜಿನ್ ಹುಲ್ಲುಗಾವಲು’ ಚಿತ್ರವನ್ನು 1937ರಲ್ಲಿ ಸರ್ಕಾರ ನಿಲ್ಲಿಸಿತು, ಅದರ ಸುರುಳಿಗಳೂ ಮುಂದೆ ನಾಶವಾದುವು. ಪತ್ನಿ ಪೆರಾ ಅತಾಶೇವಾ ಎತ್ತಿಟ್ಟಿದ್ದ ಬಿಡಿ ಚೌಕಟ್ಟುಗಳನ್ನು ಜೋಡಿಸಿದ ಒಂದು ನೆರಳು ಮಾತ್ರ 1960ರ ದಶಕದಲ್ಲಿ ಜಗತ್ತಿಗೆ ಸಿಕ್ಕಿತು. ಆ ಚಿತ್ರದ ಕೆಲಸದಲ್ಲಿ ಗುರುವಿನ ಜೊತೆಗಿದ್ದ ಲೇಡಾ 1936ರಲ್ಲಿ ಅಮೆರಿಕಕ್ಕೆ ಮರಳಿ ನ್ಯೂಯಾರ್ಕಿನ ಆ ಕಲಾ ಸಂಗ್ರಹಾಲಯದ ಚಿತ್ರಭಂಡಾರ ಸೇರಿದರು. ಕಮ್ಯೂನಿಸ್ಟನೆಂಬ ಆಪಾದನೆಯಿಂದ 1940ರಲ್ಲಿ ಆ ಕೆಲಸ ಹೋಯಿತು. ಆದರೂ ಐಸೆನ್‌ಸ್ಟೈನರ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದು ಎರಡು ಸಂಪುಟ ಪ್ರಕಟಿಸಿದರು. ನಮ್ಮ ದೇಶದಲ್ಲಿ ಐಸೆನ್‌ಸ್ಟೈನರನ್ನು ಓದಿದ ಎಷ್ಟೋ ಮಂದಿ ಓದಿದ್ದು ಲೇಡಾ ಅವರ ಇಂಗ್ಲಿಷಿನಲ್ಲಿ.

ಸಿನಿಮಾದ ಬಾಗಿಲು ಮುಚ್ಚಿದಾಗ ಲೇಡಾ ಸಾಹಿತ್ಯದ ಕಡೆ ತಿರುಗಿದರು. ‘ಮೋಬಿ ಡಿಕ್’ ಬರೆದ ಹರ್ಮನ್ ಮೆಲ್ವಿಲ್ ಅವರ ಬದುಕನ್ನು ಪತ್ರ, ದಿನಚರಿ, ಲೆಕ್ಕಪುಸ್ತಕ, ಪತ್ರಿಕೆಯ ತುಣುಕುಗಳಿಂದ ದಿನದಿನದಂತೆ ಜೋಡಿಸಿ 1951ರಲ್ಲಿ ಎರಡು ಸಂಪುಟಗಳನ್ನು ಹೊರತಂದರು. ತುಣುಕಿನ ಪಕ್ಕ ತುಣುಕನ್ನಿಟ್ಟು ಅರ್ಥ ಹೊಮ್ಮಿಸುವ ಆ ಕ್ರಮ ಮಾಸ್ಕೋದ ಸಂಕಲನ ಪಾಠದಿಂದಲೇ ಬಂದದ್ದೆಂದು ನನಗನ್ನಿಸುತ್ತದೆ. 1959ರಿಂದ ಕೆಲವು ವರ್ಷ ಬೀಜಿಂಗಿನ ಚಿತ್ರಭಂಡಾರದಲ್ಲಿ ಕೆಲಸ ಮಾಡಿ, ಚೀನೀ ಚಲಚ್ಚಿತ್ರದ ಇತಿಹಾಸವನ್ನೂ ಬರೆದರು. ವಿಶ್ವವಿದ್ಯಾಲಯಗಳು ಅವರನ್ನು ಪ್ರಾಧ್ಯಾಪಕರೆಂದು ಕರೆದದ್ದು ಬಾಳಿನ ಇಳಿಹೊತ್ತಿನಲ್ಲಿ.

ಇಂಥ ಕಥೆಗಳನ್ನು ಕೇಳಿ, ಕಷ್ಟವೇ ವಿದ್ಯೆಗೆ ತಾಯಿ ಎಂದು ತೀರ್ಮಾನಿಸುವುದು ಸುಲಭ. ನಾನು ಆ ಮಾತನ್ನು ಹೇಳಲಾರೆ. ಪೋರ್ಟ್‌ಬೌನಲ್ಲಿ ಬೆಂಜಮಿನ್ ಸತ್ತರು. ಗ್ಯೂರ್ಸ್ ಶಿಬಿರದಿಂದ ಎಷ್ಟೋ ಮಂದಿಯನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ಉಳಿದವರ ಗ್ರಂಥಗಳು ನಮ್ಮ ಕಪಾಟಿನಲ್ಲಿವೆ; ಉಳಿಯದವರ ಗ್ರಂಥಗಳ ಹೆಸರೂ ನಮಗೆ ತಿಳಿಯದು. ಕಷ್ಟ ವಿದ್ಯೆಯನ್ನು ಕೊಡಲಿಲ್ಲ. ವಿದ್ಯೆ ಅವರಲ್ಲಿ ಮೊದಲೇ ಇತ್ತು. ಬೇರೆಲ್ಲ ಬಾಗಿಲು ಮುಚ್ಚಿದಾಗ, ಬಾಗಿಲೇ ಇಲ್ಲದ ಈ ಹೊಸ ಕಲೆಯ ಬಯಲು ಅವರನ್ನು ಒಳಕ್ಕೆ ಬಿಟ್ಟುಕೊಂಡಿತು. ಯಾರೂ ಅರ್ಹತಾಪತ್ರ ಕೇಳಲಿಲ್ಲ, ಏಕೆಂದರೆ ಕೊಡುವವರೇ ಇರಲಿಲ್ಲ.

ನಮ್ಮ ದೇಶದಲ್ಲಿಯೂ ಆರಂಭದವರು ಹೀಗೆಯೇ ಬಂದರು. 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಗೆಳೆಯರೊಡನೆ ಕಟ್ಟಿದಾಗ ಸತ್ಯಜಿತ್ ರಾಯ್ ಒಂದು ಜಾಹೀರಾತು ಸಂಸ್ಥೆಯ ಚಿತ್ರಕಾರರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರರಸಗ್ರಹಣವನ್ನು ಒಂದು ಪಾಠಕ್ರಮವಾಗಿ ಬೆಳೆಸಿದ ಸತೀಶ್ ಬಹಾದೂರ್ ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದವರು. ಕನ್ನಡದ ಹೊಸ ಅಲೆಗೆ ನಾಂದಿ ಹಾಡಿದ 1970ರ ‘ಸಂಸ್ಕಾರ’ವನ್ನು ನೆನೆಯಿರಿ: ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಚಿತ್ರಕಥೆ ಬರೆದು ನಾಯಕನ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ಮದರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗಿಯಾಗಿದ್ದವರು, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ನಡುವಿನ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಪಡೆದ ಗಿರೀಶ್ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆಮೇಲೆ ಪುಣೆಗೆ ಹೋದವರು.

ಈಗ ಕಾಲ ಬದಲಾಗಿದೆ. ಚಲಚ್ಚಿತ್ರ ಅಧ್ಯಯನಕ್ಕೆ ವಿಭಾಗಗಳಿವೆ, ಪದವಿಗಳಿವೆ, ಸಂಶೋಧನ ವೇತನಗಳಿವೆ. ಇದನ್ನು ನಾನು ಹಳಿಯುವುದಿಲ್ಲ; ತೊದಲುವವನಿಗೂ ಪಾಠ ಹೇಳುವ ಪೀಠ ಸಿಕ್ಕಬೇಕು, ದೇಶ ಬಿಡದೆಯೇ ಗ್ರಂಥ ಬರೆಯುವಂತಾಗಬೇಕು. ಆದರೆ ದಾರಿ ನೇರವಾದಾಗ, ಬೇರೆ ವಿದ್ಯೆಯ ಕಣ್ಣು ಹೊತ್ತು ಬರುವವರು ಕಡಿಮೆಯಾಗುವ ಭಯವಿದೆ. ಮತ್ತೊಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ವೈ. ವಿ. ರಾವ್, ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ದುಡಿದ ಆ ಚಿತ್ರ ಇಂದು ನೋಡಲು ಇಲ್ಲ. ಭಾರತದಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಪಿ. ಕೆ. ನಾಯರ್ ಅವರು ಊರೂರು ಅಲೆದು ಫಾಲ್ಕೆಯವರ ಮೂಕಚಿತ್ರಗಳ ತುಣುಕುಗಳನ್ನು ಉಳಿಸಿದರು. ಆದರೆ ನಡುವೆ ಮೂವತ್ತು ವರ್ಷಗಳು ಸಂದುಹೋಗಿದ್ದುವು. ಆ ಮೂವತ್ತು ವರ್ಷಗಳಲ್ಲಿ ಯಾವುದೋ ಗೋದಾಮಿನ ಮೂಲೆಯಲ್ಲಿ ಆ ಡಬ್ಬಿಗಳು ತುಕ್ಕು ಹಿಡಿಯುತ್ತಿದ್ದಾಗ, ಪರೀಕ್ಷೆಯಲ್ಲಿ ನಪಾಸಾದ ಒಬ್ಬ ಹುಡುಗ ಅತ್ತ ಸುಳಿಯಲಿಲ್ಲ. ಸುಳಿದಿದ್ದರೆ ನಮ್ಮ ಮೊದಲ ಮಾತನ್ನು ನಾವಿಂದು ಕೇಳುತ್ತಿದ್ದೆವು.